ತಂತಿ ಜಾರಿದ್ದು

ಮನೆಯ ಮುಂಗೋಣೆ
ತಾರೀಕು ಹದಿನಾಲ್ಕು, ಬುಧವಾರ

ಪ್ರೀತಿಯ ಗುಬ್ಬಚ್ಚೀ,

ನಿನ್ನ ಚಿಕ್ಕಪ್ಪನ ಆಶೀರ್ವಾದ. ನೆಗಡಿ ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಲ್ಯಾಬಿನ ಆ ಯಂತ್ರದ ಮುಂದೆ ಬಿಸ್ಕತ್ತು ಕಡಿಯುತ್ತ ಕೂತಿರುತ್ತೀಯೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅತ್ತಿಗೆಯೂ ಇದ್ದಾರೆ.

ಇದ್ದಾರೆ ಅಷ್ಟೆ. ಅಣ್ಣ ಹೋದಾಗಿನಿಂದ ನಿನ್ನ ಅಮ್ಮ ಏಳುತ್ತಾರೆ, ನೀರು ಹಿಡಿಯುತ್ತಾರೆ, ಬೇಯಿಸುತ್ತಾರೆ, ಬಟ್ಟೆ ಮಡಿಸುತ್ತಾರೆ. ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಅಪ್ಪನ ಮಣ್ಣಿಗೆ ನೀನೂ ಹಾಗೇ ಬಂದೆ, ಲ್ಯಾಬಿನಲ್ಲಿ ತಂತಿ ತಣಿಸಿಟ್ಟಿದ್ದೇನೆ, ಬಿಟ್ಟರೆ ಕೆಡುತ್ತದೆ ಎಂದು ಹಾಗೇ ಹೋದೆ. ನೆಂಟರು ಏನೇನೋ ಅಂದರು, ಬಾಯಿ ಮುಚ್ಚಿಸಿದೆ. ನನಗೂ ಏನೂ ಅನ್ನಿಸುತ್ತಿಲ್ಲ ಕಣೇ. ಮೊನ್ನೆ ಅಣ್ಣನ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಂದೆ. ಅವನದೆಂದು ಬಿಡುವಾಗಷ್ಟೇ ನೋಡಿದೆ. ಆಗಲೂ ಏನೂ ಅನ್ನಿಸಲಿಲ್ಲ.

ನಿನ್ನೆ ಪಕ್ಕದ ಮನೆ ದರ್ಜಿ ಬಂದು, "ಹುಡುಗಿ ಇನ್ನೂ ತಂತಿ ಆಫೀಸಲ್ಲೇ ಇದಾಳಾ? ಅದು ಮುಚ್ಚಿ ಯಾವ ಕಾಲ ಆಯ್ತು!" ಎಂದ. ಮಗಳು ತಂತಿ ಕೆಲಸದಲ್ಲಿದ್ದಾಳೆ ಎಂದು ನಿನ್ನಪ್ಪ ಬೀದಿಗೆಲ್ಲ ಡಂಗುರ ಹೊಡೆದಿದ್ದನಲ್ಲ, ಜನ ಟೆಲಿಗ್ರಾಂ ಅಂದುಕೊಂಡಿದ್ದಾರೆ! ಬಿಡುತ್ತೇನೆಯೇ? ಹಳ್ಳಿ ಶಾಲೆಯ ಏಳನೇ ಕ್ಲಾಸಾದರೇನು, ಕಂಬ ಹತ್ತಿ ತಲೆ ನರೆಸಿಕೊಂಡ ಲೈನ್‌ಮನ್ ನಾನು. ಕೂರಿಸಿ ಪಾಠ ಮಾಡಿದೆ. "ನನ್ನ ತಂತಿ ಊರಿಗೆಲ್ಲ ಕಾಣ್ತಿತ್ತು, ಇವಳ ತಂತಿ ಇವಳ ಕಣ್ಣಿಗೇ ಕಾಣಲ್ಲ, ಅಷ್ಟು ಸಣ್ಣ. ನನ್ನ ತಂತಿ ಕರೆಂಟಿಗೆ ಅಡ್ಡ ನಿಂತು ಬಿಸಿಯಾಗ್ತಿತ್ತು. ಇವಳದು ಯಾವ ಮಂಜುಗಡ್ಡೆಗೂ ಇಲ್ಲದ ಚಳಿಯಲ್ಲಿ ಮರಗಟ್ಟಿರುತ್ತೆ, ಕರೆಂಟು ತಡೆಯೇ ಇಲ್ಲದೆ ಹರಿಯುತ್ತೆ. ಆದ್ರೆ ತಂತಿ ತೀರಾ ಸಣ್ಣದಾದ್ರೆ, ಯಾರೂ ಮುಟ್ಟದೆ, ಕಾವು ತಾಗದೆ, ಎಲ್ಲೋ ಒಂದು ಕಡೆ ತಾನಾಗೇ ಒಂದು ಕ್ಷಣ ಹಿಡಿತ ತಪ್ಪಿ ಜಾರಿಬಿಡುತ್ತೆ. ಅಲ್ಲಿ ತಡೆ ಹುಟ್ಟುತ್ತೆ. ಅದನ್ನೇ ನಮ್ಮ ಹುಡುಗಿ ಹಿಡಿಯೋದು!" ದರ್ಜಿ ಬಾಯಿ ಬಿಟ್ಟುಕೊಂಡು ಕೂತ. ನಿನ್ನ ಮೇಷ್ಟರೂ ಇಷ್ಟು ಚೆನ್ನಾಗಿ ಹೇಳಿರಲಾರರು, ಬೇಕಾದರೆ ಪಂಥ.

ಬೆಚ್ಚಗಿರು. ನೂರು ಕಾಲ ಬಾಳು.

ನಿನ್ನ
ಕಂಬದ ಚಿಕ್ಕಪ್ಪ

ಮರೆತಿದ್ದೆ: ನಾನು ಕೊಚ್ಚಿಕೊಳ್ಳುವಾಗ ಅತ್ತಿಗೆ ಬಾಗಿಲ ಬಳಿ ಕಾಳು ಆರಿಸುತ್ತಿದ್ದರು. ದರ್ಜಿ ಹೋದ ಮೇಲೆ ಅವರ ಕೈ ನಿಂತಿತು. "ಹಾಗೆ ಜಾರಿದಾಗ ಅದಕ್ಕೆ ನೋವಾಗುತ್ತಾ?" ಎಂದರು. ಅಣ್ಣ ಹೋದ ಮೇಲೆ ಅವರು ಆಡಿದ ಮೊದಲ ಮಾತು. ನನಗೆ ಗೊತ್ತಿಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದೂ ಅದೇ ಮೊದಲು. ನಿನ್ನ ತಂತಿ ಬಿಸಿಯಾದರೆ ಆಗಲಿ. ಫೋನಿನಲ್ಲಿ ಬೇಡ, ಬಂದು ಅಮ್ಮನಿಗೆ ನೀನೇ ಹೇಳು.