ಫಿಯೆಟ್ಟಿನ ಎಡಬಾಗಿಲು

ಶರಣು ಭಾವ,

ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕ ವಾಯ್ಸ್ ಮೆಸೇಜಲ್ಲೇ ಪತ್ರ ಹೇಳ್ತಿದೀನಿ, ಪೂರ್ತಿ ಕೇಳ್ರಿ.

ನೀವು ಕಳಿಸಿದ ಕಾರಿನ ಫೋಟೋ ನೋಡಿ ಹೇಸಿಗೆ ಆತು. ಅಕ್ಕ ತೀರಿಕೊಂಡ ಮ್ಯಾಲೆ ನೀವೇ ಕೇಳಿದ್ರಿ, 'ಹಳೇ ಫಿಯೆಟ್ ಗುಜರಿಗೆ ಹೋತು, ನೆನಪಿಗೆ ಅಂಥದ್ದೇ ಸಣ್ಣ ಮಾದರಿ ಒಂದು ಮಾಡಿಕೊಡಪ್ಪ' ಅಂತ. ಎಂಟು ತಿಂಗಳು ಕುಂತು ತಗಡು ಕತ್ತರಿಸಿ ಮಾಡಿದೆ. ಆ ಹಾಲುಕೆನೆ ಬಣ್ಣ ಬರ್ಲಿ ಅಂತ ಒಂಬತ್ತು ಸಲ ಕಲಸಿದೆ. ಎಡಬಾಗಿಲ ತಗ್ಗನ್ನಂತೂ ಚಮಚದ ಬೆನ್ನಿಂದ ಒತ್ತಿ ಒತ್ತಿ ತಂದೆ. ಅಕ್ಕ ಡ್ರೈವಿಂಗ್ ಕಲಿಯುವಾಗ ಆ ಹಳೇ ಫಿಯೆಟ್ಟನ್ನ ಹರಿಹರದ ನಮ್ಮನೆ ಗೇಟಿಗೆ ಗುದ್ದಿ ಆಗಿದ್ದ ತಗ್ಗು ಅದು. 'ನಾನು ಸರಿಯಾಗೇ ಬಂದೆ, ಗೇಟೇ ಅಡ್ಡ ಬಂತು' ಅಂದಿದ್ಲಲ್ಲ.

ನೀವು ಅಂಗೈಯಗಲದ ಕಾರನ್ನ ಟಿಂಕರಿಂಗ್ ಅಂಗಡಿಗೆ ಒಯ್ದು, ಆ ತಗ್ಗಿಗೆ ಪುಟ್ಟಿ ಪೇಸ್ಟ್ ತುಂಬಿಸಿ ಮಟ್ಟ ಮಾಡಿಸಿ, ಕೆಂಪು ಬಣ್ಣ ಹೊಡಿಸೀರಿ. 'ಸರಸ್ವತಿ ನಗರದ ಹೊಸ ಮನೆ ಗೃಹಪ್ರವೇಶಕ್ಕೆ ಬಂದೋರು ಸೊಟ್ಟ ಕಾರು ನೋಡಿ ನಗ್ತಾರೆ' ಅಂತ ಬರೆದೀರಿ. ನಗ್ಲಿ ಬಿಡ್ರಿ. ಅಕ್ಕನೇ ನಗ್ತಿದ್ಲು.

ಭಾನುವಾರ ದಾವಣಗೆರೆಗೆ ಬರ್ತೀನಿ. ಊಟಗೀಟ ಬ್ಯಾಡ. ಶೋಕೇಸಿಗೆ ತಗ್ಗಿಲ್ಲದ ಹೊಸದೊಂದು ಮಾಡಿಕೊಡ್ತೀನಿ, ಇದನ್ನ ವಾಪಸ್ ಕೊಡ್ರಿ. ಪುಟ್ಟಿ ಮೆಲ್ಲಕ ಕೆರೆದು ತೆಗಿತೀನಿ. ಅಕ್ಕ ಮಾಡಿದ ತಗ್ಗು ಒಳಗ ಹಂಗೇ ಇರಬೇಕು.

ನಿಮ್ಮ ಭಾಮೈದ,
ರುದ್ರಮುನಿ