ನನಗೊಂದು ಖೋ

ಜುಲೈ 8, ಸೋಮವಾರ. ಸಂಜೆ

ಇವತ್ತೂ ಖೋ-ಖೋ ಪ್ರಾಕ್ಟೀಸ್. ಇವತ್ತೂ ಕೊನೆಯ ಚೌಕ, ಕಂಬದ ಪಕ್ಕ. ಸುಮ್ಮನೆ ಕೂತದ್ದೇ ಬಂತು, ಯಾರೂ ನನಗೆ ಖೋ ಕೊಡಲಿಲ್ಲ. ಕ್ಯಾಪ್ಟನ್ ಯಶಸ್ವಿನಿ — ಜಡೆಯೂ ಉದ್ದ, ನಾಲಿಗೆಯೂ ಉದ್ದ — ನನ್ನನ್ನು ದಾಟಿ ಹೋಗಿ ಚಂದನಳಿಗೆ ಕೊಟ್ಟಳು. ಒಬ್ಬರು ಕಮ್ಮಿ ಇದ್ದರು ಅಂತ ಪಿ.ಟಿ. ಕಾಂತರಾಜು ಸರ್ ನನ್ನನ್ನು ಸೇರಿಸಿಕೊಂಡಿದ್ದಾರೆ, ಅಷ್ಟೇ.

ಈ ಶಾಲೆಗೆ ಬಂದು ಒಂದು ತಿಂಗಳು. ಅಪ್ಪನಿಗೆ ಬಾಶೆಟ್ಟಿಹಳ್ಳಿಯಲ್ಲಿ ಕೆಲಸ ಸಿಕ್ಕಿ ಸೋಂಪುರ ಬಿಟ್ಟೆವು. ಅಲ್ಲಿ ಒಂದನೇ ಕ್ಲಾಸಿನಿಂದ ಕನ್ನಡದಲ್ಲೇ ಓದಿದವಳು ನಾನು. ಇಲ್ಲಿ ನನ್ನ ಮುಖ ನೋಡಿದ ತಕ್ಷಣ ಎಲ್ಲರಿಗೂ ಹಿಂದಿ ಬಂದುಬಿಡುತ್ತದೆ. "ಏ ನೇಪಾಳಿ, ಇದರ್ ಆವೋ!" ಮೈನಾವ್ ಅಂತ ಹೆಸರಿದೆ ನನಗೆ. ಅಸ್ಸಾಂನ ಬೋಡೋ ಜನ ನಾವು. ನನ್ನ ಹಿಂದಿಯೂ ಇವರಷ್ಟೇ ಹರಕುಮುರುಕು. ಮೊದಲ ದಿನವೇ ಸಿಟ್ಟು ಬಂದು ಬಾಯಿ ಮುಚ್ಚಿದೆ. ಈಗ ತೆರೆಯಲು ಹಟ ಬಿಡುತ್ತಿಲ್ಲ. ನಾನು ಕನ್ನಡ ಬರೆದರೂ ಬೋರ್ಡ್ ನೋಡಿ ಕಾಪಿ ಮಾಡ್ತಾಳೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಈ ಡೈರಿಯಲ್ಲಿ ಮಾತ್ರ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಅಮ್ಮನನ್ನೂ ಧೈರ್ಯವಾಗಿ ಬೈಯಬಹುದು...

ಜುಲೈ 10

ಊಟಕ್ಕೆ ಒಬ್ಬಳೇ ಕೂರುತ್ತೇನೆ ಅಂತ ಅಮ್ಮನಿಗೆ ಹೇಗೋ ಗೊತ್ತಾಗಿದೆ. ಅಸ್ಸಾಂನ ಊರಿಗೆ ಕಳಿಸುತ್ತಾಳಂತೆ, ಅಜ್ಜಿಯ ಹತ್ತಿರ ಓದಬೇಕಂತೆ. ಆ ಊರನ್ನು ನಾನು ನೋಡಿರುವುದು ಎರಡೇ ಸಲ! ಅಲ್ಲಿ ಅಕ್ಷರದಿಂದ ಶುರು ಮಾಡಬೇಕು. ಭಯವಾಯಿತು. ಟೀಮಿನವರೆಲ್ಲ ನನ್ನ ಫ್ರೆಂಡ್ಸ್ ಅಂದುಬಿಟ್ಟೆ. ಹಸಿ ಸುಳ್ಳು. ಖೋ-ಖೋ ಮ್ಯಾಚುಗಳೆಲ್ಲ ಮುಗಿಯಲಿ, ಆಮೇಲೆ ನೋಡೋಣ ಅಂದರು ಅಪ್ಪ.

ಆಗಸ್ಟ್ 2, ಶುಕ್ರವಾರ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಕೂತೆ, ಎದ್ದೆ, ಮನೆಗೆ ಬಂದೆ.

ಇವತ್ತು ಹೋಬಳಿ ಮ್ಯಾಚ್. 

ಕೊನೆಯ ನಿಮಿಷ. ಆಚೆ ಟೀಮಿನ ಹುಡುಗಿ ನುಣುಚಿಕೊಂಡು ನನ್ನ ಮುಂದೆಯೇ ಬಂದಳು. ಹಿಂದಿನಿಂದ ಯಶಸ್ವಿನಿ, ಏದುಸಿರು ಬಿಡುತ್ತಾ. ಮತ್ತೆ ನನ್ನನ್ನು ದಾಟಿ ಹೋಗಲು ನೋಡಿದಳು. ತಡೆಯಲಾಗಲಿಲ್ಲ.

"ಲೇ ಯಶಸ್ವಿನೀ! ಕಣ್ ಕಾಣಲ್ವೇನೇ ನಿಂಗೆ? ಖೋ ಕೊಡೇ! ನಾನೇನಿಲ್ಲಿ ಕಡ್ಲೆಕಾಯ್ ಬಿಡಿಸ್ತಾ ಕೂತಿದೀನಾ?"

ಯಶಸ್ವಿನಿ ಬಾಯಿ ಬಿಟ್ಟುಕೊಂಡು ನಿಂತೇಬಿಟ್ಟಳು. ಕಾಂತರಾಜು ಸರ್ ಕುರ್ಚಿಯಿಂದ ಎದ್ದರು. ಆಮೇಲೆ ಬೆನ್ನಿಗೆ ಗುದ್ದಿದ ಹಾಗೆ ಬಿತ್ತು — "ಖೋ!"

ಎದ್ದೆ. ಹಾರಿದೆ. ಔಟ್! ಗೆದ್ದೆವು.

ಆಮೇಲೆ ಯಶಸ್ವಿನಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅಯ್ಯೋ ಕಳ್ಳಿ! ನಿನ್ಗೆ ಆಟ ಹೇಳ್ಕೊಡ್ಬೇಕು ಅಂತ ನಮ್ಮಣ್ಣನ್ ಹತ್ರ ಹಿಂದಿ ಕಲೀತಿದ್ನಲ್ಲೇ! ಅರ್ಥ ಆಗಲ್ಲ ಅಂತ ಖೋ ಕೊಡ್ತಿರ್ಲಿಲ್ಲ ಕಣೇ."

"ಒಂದ್ಸಲ ನನ್ನೇ ಕೇಳ್ಬೋದಿತ್ತಲ್ಲಾ? ಕನ್ನಡ ಬರ್ದೇ ಇದ್ದಿದ್ರೆ ಕೊಡ್ತಾನೇ ಇರ್ಲಿಲ್ವಾ?"

ಅವಳ ಮುಖ ಸಣ್ಣಗಾಯಿತು. "ತಪ್ಪಾಯ್ತು ಕಣೇ. ನಿನ್ ಹೆಸ್ರೇನು? ಸರಿಯಾಗ್ ಹೇಳು."

ಹೇಳಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ನಕ್ಕು ನಕ್ಕು ಹೊಟ್ಟೆ ನೋವು. ಎಷ್ಟು ಹಗುರವಾಗಿದ್ದೇನೆ ಅಂದರೆ, ಹಸಿವೂ ಆಗುತ್ತಿಲ್ಲ.

ಆಗಸ್ಟ್ 12. ಬೆಳಿಗ್ಗೆ

ಇವತ್ತು ತಾಲೂಕು ಮ್ಯಾಚ್, ದೊಡ್ಡಬಳ್ಳಾಪುರದಲ್ಲಿ. ಹೋದ ವಾರವೆಲ್ಲ ಊಟಕ್ಕೆ ಟೀಮಿನ ಜೊತೆಯೇ ಕೂತೆ. ಆದರೂ ಅಮ್ಮನಿಗೆ ಪೂರ್ತಿ ನಂಬಿಕೆ ಇಲ್ಲ. ರಾತ್ರಿ ಮತ್ತೆ ಅಜ್ಜಿಯ ಮಾತು ತೆಗೆದಳು. ಬಸ್ ಸ್ಟಾಪಿಗೆ ಒಬ್ಬಳೇ ಹೊರಡಬೇಕು, ಅದನ್ನೂ ನೋಡುತ್ತಾಳೆ...

ಹೊರಗೆ ಗಲಾಟೆ. ನಮ್ಮ ಶೆಡ್ಡಿನ ಸಾಲಿಗೆ ಶಾಲೆಯವರು ಯಾರೂ ಬಂದದ್ದೇ ಇಲ್ಲ.

"ಮೈನಾವ್! ಬಾರೇ ಬೇಗ! ಬಸ್ ಹೋಗ್ಬಿಡುತ್ತೆ!"

ಯಶಸ್ವಿನಿ. ಚಂದನ. ಇಡೀ ಟೀಮು! ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಯಾರೇ ಇವರೆಲ್ಲ ಅಂತ ಕೇಳುತ್ತಿದ್ದಾಳೆ. ಹೇಳಬೇಕು, ಇವರೆಲ್ಲ ನನ್ನ —