ಮಗ ಕಳಿಸಿದ ಮಾತ್ರೆ

ಹಲಸೂರು, ಬೆಂಗಳೂರು – 8
14 ಸೆಪ್ಟೆಂಬರ್ 1997, ಭಾನುವಾರ

ಮಸ್ಕತ್ತಿನಲ್ಲಿರುವ ನಮ್ಮ ಯಜಮಾನರಿಗೆ ಸುಕನ್ಯ ಮಾಡುವ ನಮಸ್ಕಾರ.

ನಿಮ್ಮ ಸೊಂಟದ ನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಹಾಕಿಕೊಳ್ಳಿ ಎಂದು ಹೋದ ಸಲವೇ ಬರೆದಿದ್ದೆ, ಹಾಕಿಕೊಂಡಿರೋ ಇಲ್ಲವೋ. ಅಲ್ಲಿ ಬಿಸಿಲು ಇನ್ನೂ ಇಳಿದಿಲ್ಲ, ನಲ್ಲಿ ತಿರುಗಿಸಿದರೆ ಕುದಿಯುವ ನೀರೇ ಬರುತ್ತದೆ ಎಂದು ಪಕ್ಕದ ಮನೆಯ ಅಕ್ತರ್ ಹೇಳಿದರು. ಅದನ್ನು ಕೇಳಿದಾಗಿನಿಂದ ಅದೊಂದು ಯೋಚನೆ ಬೇರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾವೆಲ್ಲ ಕ್ಷೇಮ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ, ಮೇಲೆ ಕಾಣುತ್ತಿರುವ ಮಸಿ ಅದೇ. ಅತ್ತೆ ಈಗ ಮನೆಯಲ್ಲಿದ್ದಾರೆ. ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಾರೆ, ಆ ಸದ್ದು ನನಗೆ ಇಲ್ಲಿಗೆ ಕೇಳಿಸುತ್ತಿದೆ. ಮೊದಲು ಅದನ್ನು ತಿಳಿದುಕೊಂಡು ಆಮೇಲೆ ಮುಂದೆ ಓದಿ. ಅಕ್ತರ್ ಇವತ್ತು ಸಂಜೆ ಬಾಂಬೆ ರೈಲು ಹತ್ತುತ್ತಾರೆ, ಮಂಗಳವಾರ ನಿಮ್ಮ ಕ್ಯಾಂಪಿನಲ್ಲಿರುತ್ತಾರಂತೆ. ಅಂಚೆಗೆ ಹಾಕಿದರೆ ಯಾವಾಗ ಸೇರುತ್ತದೋ ದೇವರೇ ಬಲ್ಲ, ಅಷ್ಟು ದಿನ ಕಾಯುವ ವಿಷಯ ಇದಲ್ಲ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ನಿಮ್ಮಲ್ಲೇ ನಕ್ಕುಬಿಡಿ. ದಿವ್ಯ ಚೆನ್ನಾಗಿ ಬರೆಯುತ್ತಾಳೆ, ಆದರೆ ಅಜ್ಜಿಯ ವಿಷಯ ಮಗುವಿನ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ.

ಹೋದ ಸಲ ನೀವು ಎಸ್‌ಟಿಡಿ ಬೂತಿಗೆ ಫೋನ್ ಮಾಡಿದಾಗ ಅಜ್ಜಿಯೂ ಅಮ್ಮನೂ ಹೊರಮಾವಿಗೆ, ನಮ್ಮಪ್ಪನ ಮನೆಗೆ, ಹೋಗಿದ್ದಾರೆ ಎಂದು ದಿವ್ಯ ಹೇಳಿದಳಲ್ಲ, ಅದು ನಾನು ಹೇಳಿಕೊಟ್ಟ ಮಾತು. ನಾವು ಆಗ ಆಸ್ಪತ್ರೆಯಲ್ಲಿದ್ದೆವು. ಗೌರಿ ಹಬ್ಬದ ಮುಂಚಿನಿಂದಲೇ ಅತ್ತೆಗೆ ಊಟ ಸೇರುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುವರು. ನನ್ನ ಅಡುಗೆಯ ಮೇಲಿನ ಮುನಿಸು ಎಂದುಕೊಂಡು ಹುಳಿ ಮಾಡಿದೆ, ಬಸ್ಸಾರು ಮಾಡಿದೆ, ಅವರಿಗೆ ಇಷ್ಟ ಎಂದು ಅವರೆಕಾಳು ಹುಡುಕಿ ತಂದೆ. ಆಮೇಲೆ ವಾಂತಿ ಶುರುವಾಯಿತು. ಒಂದು ಬೆಳಿಗ್ಗೆ ಹಾಲಿನ ಲೋಟ ಕೈಗೆ ಕೊಟ್ಟರೆ, "ಏನೇ ಇದು, ಹಾಲಿಗೆ ಅರಿಶಿನ ಹಾಕಿದ್ದೀಯಾ? ಗೋಡೆಗೂ ಬಳಿದಿದ್ದೀಯಲ್ಲೇ!" ಎಂದರು. ಸುಣ್ಣದ ಗೋಡೆಯೂ ಅವರಿಗೆ ಅರಿಶಿನವಾಗಿ ಕಾಣುತ್ತಿತ್ತು. ಅಕ್ತರ್ ಅವರ ತಾಯಿ ಶಂಶುನ್ನೀಸಾ ಖಾಲಾ ಬಂದು ನೋಡಿ, "ಅಯ್ಯೋ ಬೇಟಿ, ಕಾಮಾಲೆ ಐತೆ ಇದು, ಇದಕ್ಕೆ ಡಾಕ್ಟರ್ ಕ್ಯಾ ಕರ್ತಾ" ಎಂದರು. ಲಿಂಗರಾಜಪುರದಲ್ಲಿ ಬೇರು ಅರೆದು ಕೊಡುವವರ ಹತ್ತಿರ ಓಡಿದೆ. ಉಪ್ಪಿಲ್ಲದ ಗಂಜಿ ಮಾತ್ರ ಕೊಡಬೇಕು ಎಂದರು, ಕೊಟ್ಟೆ, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಚ್ಚಲಿಗೆ ಹೋದವರು ಹೊಸಲಿನ ಮೇಲೆ ಕುಸಿದುಬಿಟ್ಟರು. ಅಕ್ತರ್ ಎತ್ತಿ ಆಟೋಗೆ ಕೂರಿಸಿದರು. ದಂಡು ಪ್ರದೇಶದ ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಿಮಗೆ ಏನೆಂದು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ.

ಅಲ್ಲಿಯ ಡಾಕ್ಟರು ಒಳ್ಳೆಯವರು, ಕೂಗಾಡಲಿಲ್ಲ. ಕಣ್ಣು ಬಿಡಿಸಿ ನೋಡಿ, ಬಿಳಿಗುಡ್ಡೆ ಬೆಳ್ಳಗೇ ಇದೆ, ಇದು ಕಾಮಾಲೆಯಲ್ಲ ಎಂದರು. ನಾಡಿ ತುಂಬ ನಿಧಾನವಾಗಿದೆ ಎಂದು ಎರಡೆರಡು ಸಲ ಹಿಡಿದು ನೋಡಿದರು. ಏನೇನು ಮಾತ್ರೆ ತಗೊಳ್ತಾರೆ ಎಂದು ಕೇಳಿದಾಗ ನಾನು ದಿನಾ ಬೆಳಿಗ್ಗೆ ಕೊಡುವ ಎದೆಯ ಮಾತ್ರೆ ತೋರಿಸಿದೆ. ಬೇರೆ ಏನಾದರೂ ಎಂದರು. ಅತ್ತೆ ಮಲಗಿದ್ದಲ್ಲಿಂದಲೇ, "ಇನ್ನೇನೂ ಇಲ್ಲ ಸ್ವಾಮಿ, ಇವಳು ಕೊಡೋದು ಅದೊಂದೇ" ಎಂದರು. ಅದು ಸುಳ್ಳೂ ಅಲ್ಲ ನೋಡಿ, ನಾನು ಕೊಡುತ್ತಿದ್ದದ್ದು ಅದೊಂದೇ. ರಕ್ತಪರೀಕ್ಷೆಗೆ ಬರೆದು, ಔಷಧಿ ತರಲು ಚೀಟಿ ಕೊಟ್ಟರು.

ಕೆಳಗೆ ಔಷಧಿ ಕೊಡುವ ಕಿಟಕಿಯ ಮುಂದೆ ಜನ ಒಬ್ಬರ ಮೇಲೊಬ್ಬರು. ಒಳಗೆ ಪ್ರತಿಭಾ ಎಂಬ ಮೇಡಂ, ಆಸ್ಪತ್ರೆಯ ಫಾರ್ಮಸಿಸ್ಟು. ಬಾಗಲಕೋಟೆ ಕಡೆಯವರು, ಮಾತ್ರೆಗೆ ಗುಳಿಗಿ ಎನ್ನುತ್ತಾರೆ. ಮೊದಮೊದಲು ಬೈಯುತ್ತಿದ್ದಾರೇನೋ ಎನ್ನಿಸುತ್ತದೆ, ಅವರ ಮಾತೇ ಹಾಗೆ. ಚೀಟಿ ನೋಡಿ ಎಲ್ಲ ತೆಗೆದು ಇಡುತ್ತಿದ್ದವರು ಕೈ ನಿಲ್ಲಿಸಿದರು. "ವಾಂತಿ ಯಾರಿಗ್ರಿ?" ಎಂದರು. ನಮ್ಮ ಅತ್ತೆಗೆ ಎಂದೆ. "ಈ ಎದಿ ಗುಳಿಗಿ ತಗೊಳ್ಳೋದೂ ಅವರ ಏನು?" ಹೌದು ಎಂದೆ. ನನ್ನ ಮುಖವನ್ನೇ ನೋಡಿ, "ಎಲ್ಲಾ ಹಳದಿ ಹಳದಿ ಕಾಣಾಕತ್ತೈತಿ ಅಂತಾರೇನ್ರಿ?" ಎಂದರು. ನಾನು ಅದನ್ನು ಹೇಳಿರಲೇ ಇಲ್ಲ! ಕಾಮಾಲೆ ಅಲ್ಲವೆಂದ ಮೇಲೆ ಆ ಅರಿಶಿನದ ಮಾತು ಡಾಕ್ಟರಿಗೂ ಹೇಳಿರಲಿಲ್ಲ, ವಯಸ್ಸಾದವರು ಏನೋ ಅಂದರು ಎಂದು ಬಿಟ್ಟಿದ್ದೆ. ಅವರು ಆ ಮಾತ್ರೆಯನ್ನು ತಿರುಗಿ ಒಳಗಿಟ್ಟರು. "ಇದನ್ನ ಈಗ ಕೊಡಂಗಿಲ್ರಿ. ಡಾಕ್ಟರ್ ಕೂಡ ಮಾತಾಡ್ತೀನಿ. ಅಲ್ಲೀತನಕ ಅಜ್ಜಿ ಬಾಯಿಗೆ ಒಂದ ಗುಳಿಗಿನೂ ಹೋಗಬಾರದು." ನಾನು ಅಳಲು ಶುರುಮಾಡಿದೆ. ಔಷಧಿಯೇ ಕೊಡುವುದಿಲ್ಲ ಎಂದರೆ ಕೈಬಿಟ್ಟರು ಎಂದೇ ಅಲ್ಲವೇ ನಾನು ತಿಳಿಯುವುದು? ಹಿಂದಿನಿಂದ ಒಬ್ಬ, "ಅಕ್ಕಾ, ಮನೆ ಕಥೆ ಆಮೇಲೆ ಹೇಳ್ಕೊಳ್ಳಿ, ನಾವೂ ಬಂದು ಬೆಳಿಗ್ಗೆಯಿಂದ ನಿಂತಿದ್ದೀವಿ" ಎಂದ. ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿನ್ನ ಚೀಟಿನೂ ಹಿಂಗ ನೋಡ್ತೀನಿ ತಮ್ಮಾ, ಸ್ವಲ್ಪ ತಡಿ" ಎಂದರು.

ಆಮೇಲೆ ಅವರೇ ವಾರ್ಡಿಗೆ ಬಂದರು. ಆ ಎದೆಯ ಮಾತ್ರೆ ಮೈಯಲ್ಲಿ ಹೆಚ್ಚಾದರೆ ವಾಂತಿಯಾಗಿ, ನಾಡಿ ಇಳಿದು, ಎಲ್ಲ ಹಳದಿಯಾಗಿ ಕಾಣುತ್ತದಂತೆ. ಡಾಕ್ಟರಿಗೂ ಅನುಮಾನವಿತ್ತಂತೆ, ದಿನಕ್ಕೊಂದು ಮಾತ್ರೆಗೆ ಇಷ್ಟಾಗಬಾರದಲ್ಲ ಎಂದು ಇಬ್ಬರೂ ಚಾರ್ಟು ಹಿಡಿದು ಮಾತಾಡಿಕೊಂಡರು. ಮೇಡಂ ನನ್ನನ್ನು ಕರೆದು, ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವಂಥದ್ದು ಏನೇನಿದೆಯೋ, ಬೇರು, ಪುಡಿ, ಶಕ್ತಿಯದು, ಹಳೆಯದು, ಒಂದೂ ಬಿಡದೆ ತನ್ನಿ ಎಂದರು. ನೀವು ಹೋದ ವರ್ಷ ತಂದ ಹಾಲಿನ ಪುಡಿಯ ಡಬ್ಬ ಗೊತ್ತಲ್ಲ, ಅತ್ತೆ ದೇವರ ಗೂಡಿನ ಕೆಳಗೆ ಇಟ್ಟುಕೊಂಡಿರುವುದು? ಅದನ್ನೇ ಹಾಗೇ ಎತ್ತಿಕೊಂಡು ಹೋದೆ. ಮೇಡಂ ಹಾಸಿಗೆಯ ಮೇಲೆ ಸುರಿದರು. ನೋವಿನ ಮುಲಾಮು, ಖಾಲಿ ಅತ್ತರಿನ ಶೀಷೆ, ನಿಮ್ಮ ಫೋಟೋ, ಮತ್ತೆ ಆಷಾಢ ಕಳೆದ ಮೇಲೆ ಅಕ್ತರ್ ರಜಕ್ಕೆ ಬಂದಾಗ ಅವರ ಕೈಯಲ್ಲಿ ನೀವು ಕಳಿಸಿದ ಮಾತ್ರೆಯ ಡಬ್ಬಿಗಳು. ಅದರ ಮೇಲೆ ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷು, ನನಗೆ ಎರಡೂ ಒಂದೇ. ಏನದು ಎಂದು ಆವತ್ತೇ ಕೇಳಿದ್ದೆ, "ಮಗ ಶಕ್ತಿಗೆ ಕಳ್ಸಿದ್ದಾನೆ" ಎಂದಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಮಾತ್ರೆ ತೆಗೆದು, ಕಣ್ಣಿಗೊತ್ತಿಕೊಂಡು, ತೀರ್ಥದ ನೀರಿನಲ್ಲಿ ನುಂಗುವರು. ಪ್ರಸಾದ ತಗೊಂಡ ಹಾಗೆ. ಡಾಕ್ಟರು ಔಷಧಿ ಎಂದು ಕೇಳಿದಾಗ ಅದು ಅವರಿಗೆ ನೆನಪಾಗದೆ ಇದ್ದದ್ದು ಅದಕ್ಕೇ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಶಕ್ತಿಯದು ಎಂದುಕೊಂಡಿದ್ದ ನನ್ನ ಲೆಕ್ಕದಲ್ಲೂ ಅಲ್ಲ.

ಪ್ರತಿಭಾ ಮೇಡಂ ನಾನು ಕೊಡುವುದನ್ನೂ ನೀವು ಕಳಿಸಿದ್ದನ್ನೂ ಅಕ್ಕಪಕ್ಕ ಇಟ್ಟು ಹೇಳಿದರು, "ಅಜ್ಜಿ, ಡಬ್ಬಿ ಬ್ಯಾರೆ, ಗುಳಿಗಿ ಒಂದ. ಮುಂಜಾನೆ ಸೊಸಿ ಕೊಟ್ಟಿದ್ದೂ ಅದ, ಸಂಜಿಗೆ ಮಗ ಕಳಿಸಿದ್ದೂ ಅದ." ಅತ್ತೆ ಎದ್ದು ಕೂರಲು ನೋಡಿದರು. "ಯಾರಮ್ಮಾ ನೀನು? ನನ್ನ ಮಗ ನಂಗೆ ವಿಷ ಕಳಿಸ್ತಾನಾ?" ಎಂದು ಕೇಳಿ, ನನ್ನ ಕಡೆ ತಿರುಗಿ, "ಇವಳು ಹೇಳ್ಕೊಟ್ಟಿರ್ಬೇಕು. ಅವನು ನಂಗೇನು ಕಳಿಸಿದ್ರೂ ಇವಳಿಗೆ ಹೊಟ್ಟೆ ಉರಿ" ಎಂದರು. ವಾರ್ಡಿನವರೆಲ್ಲ ನನ್ನನ್ನೇ ನೋಡಿದರು. ಮೇಡಂ ಮಾತ್ರ ನಕ್ಕುಬಿಟ್ಟರು. "ವಿಷ ಅಲ್ಲ ಬಿಡಜ್ಜಿ, ಛಲೋ ಗುಳಿಗೀನ. ಆದ್ರ ಒಬ್ಬ ಸೊಸಿ ಕೂಡ ಏಗಾಕ ನಿನ್ನ ಕೈಲೆ ಆಗವಲ್ದು, ಮನಿಗೆ ಇಬ್ಬರು ಬಂದ್ರ ಹೆಂಗ?" ಅತ್ತೆಗೂ ನಗು ಬಂತು, ಆದರೆ ಮಾತು ಒಳಗೆ ಇಳಿಯಲಿಲ್ಲ. ರಕ್ತದ ಪರೀಕ್ಷೆಯಲ್ಲೂ ಮೇಡಂ ಹೇಳಿದ್ದೇ ಬಂತು. ಮಾತ್ರೆ ನಿಲ್ಲಿಸಿ, ಎದೆಗೆ ವೈರು ಹಚ್ಚಿ, ನಾಡಿ ಏರುವವರೆಗೆ ಇಟ್ಟುಕೊಂಡರು. ಅವತ್ತು ಆ ಚೀಟಿಯ ಮಾತ್ರೆಯನ್ನು ಹಾಗೇ ಕೊಟ್ಟುಬಿಟ್ಟಿದ್ದರೆ, ಸಂಜೆ ಅತ್ತೆ ಮನೆಯಿಂದ ಡಬ್ಬ ತರಿಸಿಕೊಂಡಿದ್ದರೆ? ಆ ಯೋಚನೆ ಬಂದರೆ ಕುಕ್ಕರಿನ ಸದ್ದಿಗೂ ಬೆಚ್ಚುತ್ತೇನೆ.

ಇದನ್ನು ಓದಿ ನೀವು ಊಟ ಬಿಡಬೇಡಿ. ರಜದಲ್ಲಿ ಬಂದಾಗ ಅತ್ತೆಯ ಚೀಟಿ ಬರೆದುಕೊಂಡು ಹೋಗಿ ಅದೇ ಮಾತ್ರೆ ಅಲ್ಲಿ ಕೊಂಡಿರಿ, ಇಲ್ಲಿಯದರ ಬದಲು ತಗೊಳ್ಳಲಿ ಎಂದು. ನನಗೆ ಗೊತ್ತು. ನಾನು ಮೇಡಂ ಹತ್ತಿರ, ನಮ್ಮವರಿಗೆ ಹೇಗೆ ಹೇಳಲಿ ಎಂದು ಗೋಳಾಡಿದೆ. ಅವರು, "ಕಳಿಸಿದವರದೂ ತಪ್ಪಿಲ್ಲ, ಕೊಟ್ಟವರದೂ ಇಲ್ಲರೀ ಅಕ್ಕಾ. ಎರಡೂ ಒಂದ ಕಡೆ ಇಟ್ಟು ನೋಡವರು ಯಾರೂ ಇರಲಿಲ್ಲ, ಅಷ್ಟ. ಅದು ನಮ್ಮ ಕೆಲಸ" ಎಂದರು. ಮತ್ತೆ ಯಾವಾಗ, ಎಷ್ಟು ಕೊಡಬೇಕು ಎಂದು ಮುಂದಿನ ವಾರ ನೋಡಿ ಹೇಳುತ್ತಾರಂತೆ. ಅಲ್ಲಿಯವರೆಗೆ ಎದೆಯ ಮಾತ್ರೆ ಪೂರಾ ಬಂದ್. ಅತ್ತೆಗೆ ಈಗ ಗೋಡೆ ಬೆಳ್ಳಗೆ ಕಾಣುತ್ತದೆ. ನಿನ್ನೆ ಎರಡು ಮುದ್ದೆ ಉಂಡು, ಸಾರಿಗೆ ಉಪ್ಪು ಸಾಲದು ಎಂದು ಬೈದರು. ನನಗೆ ಆ ಬೈಗುಳ ಕೇಳಿ ಕಣ್ಣಲ್ಲಿ ನೀರು ಬಂತು.

ದಿವ್ಯ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಹೊರಮಾವಿನಲ್ಲಿ ನಮ್ಮಪ್ಪ ದೊಡ್ಡಮುನಿಯಪ್ಪನವರು ನಿಮ್ಮನ್ನು ಕೇಳಿದೆನೆಂದು ತಿಳಿಸಲು ಹೇಳಿದರು. ಹಲಸೂರಿನ ಸೋಮೇಶ್ವರ ನಿಮ್ಮನ್ನು ಆ ಬಿಸಿಲಿನಲ್ಲಿ ತಣ್ಣಗಿಟ್ಟಿರಲಿ.

ನಿಮ್ಮ ದಾರಿ ಕಾಯುವ,
ಸುಕನ್ಯ

ಮರೆಯುವ ಮುಂಚೆ: ಪತ್ರ ಮಡಿಸಿ ಎದ್ದೆ, ಅತ್ತೆಯ ಎಲೆ ಅಡಿಕೆ ಸಂಚಿ ಒದರಿದರೆ ನೀವು ಕಳಿಸಿದ ಮಾತ್ರೆಯ ಒಂದು ಪಟ್ಟಿ ಕೆಳಗೆ ಬಿತ್ತು! ಆಸ್ಪತ್ರೆಯಲ್ಲಿ ಡಬ್ಬಿ ಒಪ್ಪಿಸುವಾಗಲೇ ಎತ್ತಿಟ್ಟುಕೊಂಡಿದ್ದಾರೆ. ಇನ್ನೂ ಒಡೆದಿಲ್ಲ, ನೋಡಿದೆ. ಕೇಳಿದರೆ, "ನನ್ನ ಮಗ ಅವನ ಬಾಯಲ್ಲಿ ಬೇಡ ಅನ್ಲಿ, ಆವಾಗ ಬಿಸಾಕ್ತೀನಿ. ನಿನ್ನ ಮಾತಿಗೂ ಇಲ್ಲ, ಆ ಗುಳಿಗಿಯಮ್ಮನ ಮಾತಿಗೂ ಇಲ್ಲ" ಎಂದರು. ನಾನು ಕಿತ್ತುಕೊಂಡರೆ ನೀವು ದಸರಾಕ್ಕೆ ಬರುವವರ ಕೈಯಲ್ಲಿ ಇನ್ನೊಂದು ಡಬ್ಬಿ ಕಳಿಸುವವರೆಗೆ ಕಾಯುತ್ತಾರೆ, ನನಗೆ ತಿಳಿಯದ ಹಾಗೆ ತರಿಸಿಕೊಳ್ಳುತ್ತಾರೆ. ಕಾಡಿ ಬೇಡಿ ಶುಕ್ರವಾರದವರೆಗೆ ಶಂಶುನ್ನೀಸಾ ಖಾಲಾ ಕೈಯಲ್ಲಿ ಇಡಿಸಿದ್ದೇನೆ, ಅಷ್ಟಕ್ಕೆ ಮಾತ್ರ ಒಪ್ಪಿದ್ದಾರೆ. ಶುಕ್ರವಾರ ನೀವು ಫೋನ್ ಮಾಡಿದಾಗ ಮೊದಲು ಅವರ ಕೈಗೇ ಕೊಡುತ್ತೇನೆ. ನನ್ನನ್ನು ಕೇಳಬೇಡಿ, ದಿವ್ಯಳನ್ನು ಕೇಳಬೇಡಿ. "ಅಮ್ಮಾ, ಆ ಮಾತ್ರೆ ಬೇಡ" ಎಂದು ನೀವಾಗಿಯೇ ಹೇಳಿ. ನಾನು ಬರೆದೆ ಎನ್ನಬೇಡಿ. ಇನ್ನು ಮೇಲೆ ಮಾತ್ರೆ ಕಳಿಸಲೇಬೇಡಿ, ಅದರ ಬದಲು ಖರ್ಜೂರ ಕಳಿಸಿ. ದೀಪ ಹಚ್ಚಿದ ಮೇಲೆ ದಿನಕ್ಕೊಂದು ಮಗನ ಹೆಸರಿನಲ್ಲಿ ತಿನ್ನು ಎಂದು ಹೇಳಿ. ಖರ್ಜೂರದಿಂದ ಏನೂ ತೊಂದರೆಯಿಲ್ಲ, ಬೂತಿಗೆ ಹೋಗಿ ಪ್ರತಿಭಾ ಮೇಡಂಗೆ ಫೋನ್ ಹಚ್ಚಿ ಕೇಳಿಕೊಂಡು ಬಂದೇ ಇದನ್ನು ಬರೆಯುತ್ತಿದ್ದೇನೆ. ಅಕ್ತರ್ ಬಾಗಿಲಲ್ಲಿ ನಿಂತಿದ್ದಾರೆ. ಶುಕ್ರವಾರ, ಮರೆಯಬೇಡಿ.